ಬೀಜದ ಪದ

ಹುಸೇನಪ್ಪ ತಾತ ಏಕತಾರಿ ಮೀಟಿ ತತ್ವಪದ ಹಾಡುವವನು. ಕೃಷ್ಣೆಯ ದಂಡೆಯ ಊರುಗಳಲ್ಲಿ ಅವನ ದನಿ ಕೇಳದ ಕಟ್ಟೆಯೇ ಇರಲಿಲ್ಲ. ಅವನ ಗುರುಮನೆಯಲ್ಲಿ ಒಂದು ವಾಡಿಕೆಯಿತ್ತು. ಉಳಿದ ಪದಗಳನ್ನು ಯಾರು ಬೇಕಾದರೂ ಕಲಿಯಬಹುದು, ಎಲ್ಲಿ ಬೇಕಾದರೂ ಹಾಡಬಹುದು. ಒಂದು ಪದವನ್ನು ಮಾತ್ರ ಮೇಳದಲ್ಲಿ ಹಾಡುವಂತಿಲ್ಲ, ಬರೆದಿಡುವಂತಿಲ್ಲ. ಅದನ್ನು ಗುರು ಒಬ್ಬನೇ ಒಬ್ಬ ಶಿಷ್ಯನ ಕಿವಿಗೆ ಹಾಡಬೇಕು. ಆ ಶಿಷ್ಯ ಮುಂದೆ ತನ್ನ ಶಿಷ್ಯನಿಗೆ ಕೊಡಬೇಕು. ರೈತರು ಬಿತ್ತನೆಗೆಂದು ಬೇರೆ ತೆಗೆದಿಡುವ ಜೋಳದ ಹಾಗೆ. ಅದಕ್ಕೇ ಅದನ್ನು ಬೀಜದ ಪದ ಎನ್ನುತ್ತಿದ್ದರು.

ತಾತ ಒಳ್ಳೆಯ ಹಾಡುಗಾರ, ಆದರೆ ಗಾಂಜಾ ಸೇದುತ್ತಿದ್ದ. ಕಡೆಗಾಲದಲ್ಲಿ ಕೆಮ್ಮಿ ಕೆಮ್ಮಿ ಎದೆ ಹಿಡಿದುಕೊಳ್ಳುತ್ತಿದ್ದ. ಒಂದು ದಿನ ಶಿಷ್ಯ ಸಾಬಣ್ಣನನ್ನು ಹತ್ತಿರ ಕೂರಿಸಿಕೊಂಡು ಬೀಜದ ಪದ ಹಾಡಿದ. ಹಾಡಿ ಮುಗಿಸಿ ಹೇಳಿದ:

"ತಮ್ಮಾ, ನನ್ನ ಪದ ಇಸ್ಕೊ. ನನ್ನ ಕೆಮ್ಮು ಇಸ್ಕೊಬ್ಯಾಡ."

ಹೇಳಿದ್ದನ್ನು ಮಾಡಿದರೆ ಶಿಷ್ಯ, ಕಂಡದ್ದನ್ನು ಮಾಡಿದರೆ ಮಂಗ. ಸಾಬಣ್ಣ ಎರಡೂ ಆದ. ತಾತ ಕಣ್ಣು ಮುಚ್ಚಿದ ಮೇಲೆ ಏಕತಾರಿಯ ಜೊತೆಗೆ ಅವನ ಚಿಲುಮೆಯನ್ನೂ ಎತ್ತಿಕೊಂಡ. ಅಂಥಾ ದನಿ ತಾತನಿಗೆ ಈ ಹೊಗೆಯಿಂದಲೇ ಬಂದಿರಬೇಕು ಎಂದು ಅವನ ಲೆಕ್ಕಾಚಾರ. ತಾತ ದನಿ ಗಟ್ಟಿಯಾದ ಎಷ್ಟೋ ವರ್ಷಗಳ ಮೇಲೆ ಚಿಲುಮೆ ಹಿಡಿದವನು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಮೊದಮೊದಲು ಭಜನೆಯ ದಿನ ಮಾತ್ರ ಸೇದುತ್ತಿದ್ದ. ಆಮೇಲೆ ಸಂಜೆಗೊಮ್ಮೆ. ಆಮೇಲೆ ಎದ್ದ ಕೂಡಲೇ. ವರ್ಷಗಳು ಹೀಗೇ ಹೋದವು. ಏರುದನಿಯಲ್ಲಿ ಉಸಿರು ಸಾಲದಾಯಿತು. ಹಾಡುತ್ತ ಹಾಡುತ್ತ ನಡುವಿನ ನುಡಿಗಳು ಜಾರತೊಡಗಿದವು. ಆದರೂ ಮೇಳದಲ್ಲಿ ಯಾರೂ ಚಕಾರವೆತ್ತಲಿಲ್ಲ. ಎತ್ತುವುದು ಹೇಗೆ? ಒಂದೇ ಚಿಲುಮೆ ಎಲ್ಲರ ಕೈ ಸುತ್ತಿ ಬರುತ್ತಿತ್ತು. ಹಾಡುವವನಿಗೂ ಮಂಕು, ಕೇಳುವವರಿಗೂ ಮಂಕು. ಎಲ್ಲರೂ "ಆಹಾ" ಎನ್ನುತ್ತಿದ್ದರು, ಸಾಬಣ್ಣ ಅದನ್ನು ನಂಬುತ್ತಿದ್ದ.

ನಂಬದವಳು ಒಬ್ಬಳೇ, ಅವನ ಹೆಂಡತಿ ದ್ಯಾವಮ್ಮ. ಅವನು ಪಡಸಾಲೆಯಲ್ಲಿ ಹಾಡುವಾಗ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ನೀವು ಹಾಡೂದು ನಿಲ್ಲೂದ್ರಾಗ ಮದ್ಲು ರೊಟ್ಟಿ ಬುಟ್ಟಿ ತುಂಬ್ತಿತ್ತು," ಎಂದಳು ಒಂದು ದಿನ. "ಈಗ ಪದಾ ಮುಗೀತೈತಿ, ಹಿಟ್ಟು ಹಂಗೇ ಉಳೀತೈತಿ. ಅರ್ಧ ಪದ ಎಲ್ಲಿ ಹೋತ್ರಿ?"

"ನಿನಗೇನು ತಿಳೀತೈತಿ, ರೊಟ್ಟಿ ನೋಡ್ಕೊ," ಎಂದ ಸಾಬಣ್ಣ.

ಕುರಿ ಕಾಯುವ ರಾಚಪ್ಪ ಸಾಬಣ್ಣನ ಶಿಷ್ಯ. ದನಿ ಹಾಲಿನಂಥದ್ದು, ನಡತೆಯೂ ಹಾಗೇ. ಬೀಜದ ಪದ ಅವನಿಗೇ ಸಲ್ಲಬೇಕೆಂದು ಎಲ್ಲರಿಗೂ ಗೊತ್ತಿತ್ತು. ತಾತನ ಪುಣ್ಯತಿಥಿಯ ದಿನ ಮೇಳದ ಹಿರಿಯರು ಎಲ್ಲರ ಎದುರು ಸಾಬಣ್ಣನನ್ನು ಕೇಳುವುದು ಪದ್ಧತಿ: "ಬೀಜ ದಾಟೇತೇನು?" ಸಾಬಣ್ಣ ಪ್ರತಿ ವರ್ಷವೂ, "ಇಲ್ರಿ, ಇನ್ನೂ ನನ್ನಲ್ಲೇ ಐತಿ" ಎನ್ನುತ್ತಿದ್ದ. ರಾಚಪ್ಪ ಕೇಳಿದಾಗಲೆಲ್ಲ "ನಾಳೆ ಬಾ" ಎನ್ನುತ್ತಿದ್ದ. ಚಿಲುಮೆ ಹಿಡಿದ ಕೈಗೆ ಎಲ್ಲ ಕೆಲಸವೂ ನಾಳೆಯದೇ.

ಕೊನೆಗೊಂದು ಪುಣ್ಯತಿಥಿಯ ಬೆಳಿಗ್ಗೆ ರಾಚಪ್ಪ ಸ್ನಾನ ಮಾಡಿ, ಹೊಸ ಧೋತರ ಉಟ್ಟು, ತೆಂಗಿನಕಾಯಿ ಹಿಡಿದು ಬಂದೇಬಿಟ್ಟ. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಸಾಬಣ್ಣ ಬಾಗಿಲು ಹಾಕಿಸಿ, ಏಕತಾರಿ ಶ್ರುತಿ ಮಾಡಿ, ಬಾಯಿ ತೆರೆದ.

ಪದ ಬರಲಿಲ್ಲ.

ಧಾಟಿ ಬಂತು, ಅದರ ಏರಿಳಿತವೂ ಬಂತು. ಮಾತು ಒಂದೂ ಬರಲಿಲ್ಲ. ಮತ್ತೆ ಮೀಟಿದ, ಮತ್ತೆ ಬರಲಿಲ್ಲ.  ಬಹಳ ದಿನಗಳಿಂದ ಅವನಿಗೆ ಜನರೆಲ್ಲ ತನ್ನ ಬೆನ್ನ ಹಿಂದೆ ಏನೋ ಆಡಿಕೊಳ್ಳುತ್ತಾರೆ ಎಂಬ ಗುಮಾನಿ ಬೇರೆ ಹತ್ತಿತ್ತು. ಆ ಗುಮಾನಿ ಈಗ ರಾಚಪ್ಪನ ಮೇಲೆ ತಿರುಗಿತು.

"ನೀ ಕದ್ದಿ! ನಾ ಒಬ್ಬನೇ ಹಾಡೂವಾಗ ಬಾಗಿಲ ಸಂದ್ಯಾಗ ನಿಂತು ಕದ್ದು ಕೇಳೀದಿ! ಅದಕ್ಕ ನನ್ನ ಬಾಯಿಂದ ಹೋಗೇತಿ!"

"ಯಪ್ಪಾ, ತಾಯಾಣಿ ಇಲ್ರಿ," ಎಂದ ರಾಚಪ್ಪ. ಅವನ ಕಣ್ಣಲ್ಲಿ ನೀರು ಬಂತು. ಸಾಬಣ್ಣ ತೆಂಗಿನಕಾಯಿಯನ್ನು ಅಂಗಳಕ್ಕೆ ಎಸೆದು ಅವನನ್ನು ಹೊರಗೆ ಕಳಿಸಿದ. ಮೇಳದಲ್ಲಿ ಹಿರಿಯರು ಕೇಳಿದಾಗ, "ಇನ್ನೂ ನನ್ನಲ್ಲೇ ಐತಿ" ಎಂದ. ಅದು ಅವನು ಗುರುವಿನ ಹೆಸರಿನಲ್ಲಿ ಆಡಿದ ಮೊದಲ ಸುಳ್ಳು.

ಮನೆಗೆ ಬಂದಾಗ ದ್ಯಾವಮ್ಮ ಅಂಗಳದಲ್ಲಿ ಒಡೆದ ಕಾಯಿಯ ಚೂರು ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಕಳ್ಳ ರಾಚಪ್ಪ ಅಲ್ರಿ. ಕಳ್ಳ ನಿಮ್ಮ ಕೈಯಾಗ ಅದಾನ. ದಿನಾ ಬಾಯಿಗಿಟ್ಟು ಮುದ್ದ ಮಾಡ್ತೀರಿ."

ಸಾಬಣ್ಣ ಕೈ ನೋಡಿಕೊಂಡ. ಚಿಲುಮೆ ಇತ್ತು. ತಾತನ ಕೆಮ್ಮು ಅವನ ಎದೆಯೊಳಗೇ ಎದ್ದು ಬಂತು. ಅಂದು ಅವನು ಮಗುವಿನ ಹಾಗೆ ಅತ್ತ.

ಮರುದಿನ ಗಂಡಹೆಂಡತಿ ತಾಲೂಕಿನ ದವಾಖಾನೆಗೆ ಹೋದರು. ಡಾಕ್ಟರಮ್ಮ ಬೈಯಲಿಲ್ಲ. ಎದೆ ನೋಡಿ, ಎಷ್ಟು ವರ್ಷದ ಚಟ ಎಂದು ಕೇಳಿ ಹೇಳಿದರು: "ಬಿಟ್ಟ ಮೊದಲ ವಾರಗಳು ಕಷ್ಟ. ನಿದ್ದೆ ಬರೋದಿಲ್ಲ, ಊಟ ಸೇರೋದಿಲ್ಲ, ಸುಮ್ಮಸುಮ್ಮನೆ ಸಿಟ್ಟು ಬರ್ತದೆ. ಬಿಟ್ಟವರಿಗೆ ಹಾಗಾಗ್ತದೆ, ಕಡಿಮೆಯೂ ಆಗ್ತದೆ. ಹೆದರಿ ಮತ್ತೆ ಸೇದಬೇಡಿ. ತಡೀಲಾರದಿದ್ರೆ ನನ್ನ ಹತ್ರ ಬನ್ನಿ."

"ಮರೆತದ್ದು ತಿರುಗಿ ಬರ್ತೈತೇನ್ರಿ, ಅವ್ವಾ?"

"ಬಹಳಷ್ಟು ಸುಧಾರಿಸಬಹುದು. ಎಲ್ಲಾ ಬರ್ತದೆ ಅಂತ ಮಾತು ಕೊಡಲಾರೆ."

ಸಾಬಣ್ಣ ಚಿಲುಮೆಯನ್ನು ಹೊಳೆಗೆ ಹಾಕಿದ. ಹಾಕುವುದು ಸುಲಭ, ಹಾಕಿ ಬದುಕುವುದು ಕಷ್ಟ. ಮೈಯೆಲ್ಲ ಬೆವರು. ಕಣ್ಣು ಮುಚ್ಚಿದರೆ ಕೆಟ್ಟ ಕನಸು. ದ್ಯಾವಮ್ಮ ಇಟ್ಟ ತಾಟನ್ನು ಎರಡು ಸಲ ಒದ್ದ, ಎರಡು ಸಲವೂ ಅವಳ ಕೈ ಹಿಡಿದು ತಪ್ಪಾಯಿತೆಂದ. ಒಮ್ಮೆ ತಡೆಯಲಾರದೆ ಗೆಳೆಯರ ಕಟ್ಟೆಗೆ ಹೋಗಿ ಸೇದಿಯೂಬಿಟ್ಟ. ನಾಚಿಕೆಯಿಂದ ಮತ್ತೆ ದವಾಖಾನೆಗೆ ಹೋದಾಗ ಡಾಕ್ಟರಮ್ಮ, "ಬಂದಿರಲ್ಲ, ಸಾಕು, ಮತ್ತೆ ಶುರು ಮಾಡೋಣ" ಎಂದರು.

ನಿಧಾನಕ್ಕೆ ಊಟ ರುಚಿಸಿತು. ಕೆಮ್ಮು ಇಳಿಯಿತು. ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ನಡೆದು ಬಂದು ಹಾಡಲು ಕೂತರೆ ಉಸಿರು ಮೊದಲಿಗಿಂತ ಹೆಚ್ಚು ಹೊತ್ತು ಸಾಲತೊಡಗಿತು. ಗುಮಾನಿಯ ಮೋಡವೂ ಸರಿಯಿತು. ಮೊದಲು ಮಾಡಿದ ಕೆಲಸವೆಂದರೆ ಕುರಿಹಟ್ಟಿಗೆ ಹೋಗಿ ರಾಚಪ್ಪನ ಮುಂದೆ ಕೈ ಮುಗಿದದ್ದು. ರಾಚಪ್ಪ ಆ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡ.

ಮರೆತ ಪದಗಳೂ ಒಂದೊಂದಾಗಿ ಬಂದವು. ಸಾಬಣ್ಣ ನಡುವೆ ತಡವರಿಸಿದರೆ ಒಲೆಯ ಮುಂದಿನಿಂದ ದ್ಯಾವಮ್ಮ ಮುಂದಿನ ನುಡಿ ಹೇಳಿಕೊಡುತ್ತಿದ್ದಳು. ಅಷ್ಟು ವರ್ಷ ರೊಟ್ಟಿ ಬಡಿಯುತ್ತ ಕೇಳಿದವಳಲ್ಲವೆ! ಆದರೆ ಬೀಜದ ಪದವನ್ನು ಅವಳು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಅದು ಇದ್ದದ್ದು ಸಾಬಣ್ಣನ ತಲೆಯೊಂದರಲ್ಲೇ. ಎಷ್ಟು ಹುಡುಕಿದರೂ ಅದು ಅಲ್ಲಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮತ್ತೆ ಪುಣ್ಯತಿಥಿ ಬಂತು. ಮೇಳ ನೆರೆಯಿತು. ರಾಚಪ್ಪ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ: "ಯಪ್ಪಾ, ದಾಟೇತಿ ಅಂದುಬಿಡ್ರಿ. ಯಾರಿಗೆ ತಿಳೀತೈತಿ? ನಾನೂ ಹೌದಂತೀನಿ."

ನಿಜ, ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಮಾತಿನಲ್ಲಿ ಮಾನ ಉಳಿಯುತ್ತಿತ್ತು.

"ಬೀಜ ದಾಟೇತೇನು?" ಎಂದರು ಹಿರಿಯರು.

ಸಾಬಣ್ಣ ಎದ್ದು ನಿಂತ. "ಇಲ್ರಿ. ಚಿಲುಮ್ಯಾಗ ಹಾಕಿ ಸುಟ್ಟುಬಿಟ್ಟೆ. ಗುರು ಕೊಟ್ಟಿದ್ದನ್ನ ನಾ ಯಾರಿಗೂ ಕೊಡಲಿಲ್ಲ."

 ಕಟ್ಟೆಯ ಮೇಲೆ ಒಬ್ಬ ತನ್ನ ಚಿಲುಮೆಯನ್ನು ಮೆಲ್ಲಗೆ ಟವೆಲಿನಡಿ ಸರಿಸಿದ. ಸಾಬಣ್ಣ ಕೂತು ಏಕತಾರಿ ಎತ್ತಿಕೊಂಡು, ಉಳಿದಿದ್ದ ಧಾಟಿಯನ್ನಷ್ಟೇ ಗುನುಗಿದ. ರಾಚಪ್ಪ ಅದನ್ನೇ ಕಲಿತುಕೊಂಡ. ಅಂದಿನಿಂದ ಪ್ರತಿ ಪುಣ್ಯತಿಥಿಗೂ ಗುರುಶಿಷ್ಯರು ಆ ಮಾತಿಲ್ಲದ ಧಾಟಿಯನ್ನು ಎಲ್ಲರ ಎದುರು ಹಾಡುತ್ತಿದ್ದರು. ಹೊಸದಾಗಿ ಬಂದ ಹುಡುಗರು, "ಯಾಕ್ರಿ, ಈ ಪದಕ್ಕ ಮಾತಿಲ್ಲೇನು?" ಎಂದು ಕೇಳುತ್ತಿದ್ದರು.

"ಇದ್ದುವಪ್ಪಾ," ಎನ್ನುತ್ತಿದ್ದ ಸಾಬಣ್ಣ. "ಬಾಳ ಚಂದ ಇದ್ದುವು."

ನೀತಿ: ಹಿರಿಯರಿಂದ ಪದ ಕಲಿಯಿರಿ, ಕೆಮ್ಮು ಕಲಿಯಬೇಡಿ. ಗಾಂಜಾ ಬಿಟ್ಟವನಿಗೆ, ಕಳೆದುಕೊಂಡದ್ದರಲ್ಲಿ ಬಹಳಷ್ಟನ್ನು ಮೈ ಮನಸ್ಸು ಮರಳಿ ಕೊಡಬಹುದು, ಎಲ್ಲವನ್ನೂ ಕೊಡುತ್ತದೆಂಬ ಭರವಸೆಯಿಲ್ಲ. ಒಬ್ಬರೇ ಬಿಡಲಾಗದಿದ್ದರೆ ನಾಚಿಕೆಪಡದೆ ವೈದ್ಯರ ಬಳಿಗೆ ಹೋಗಿ. ನಾಳೆ ಎನ್ನಬೇಡಿ, ಇಂದೇ ಹೋಗಿ.