ಚೀಲದ ಮೊದಲ ಸಾಮಾನು

ಮಲಪ್ರಭೆಯ ದಂಡೆಯ ಮೇಲೆ ರಾಚಯ್ಯಜ್ಜನವರ ಮಠವಿತ್ತು. ಬೇರೆ ಮಠಗಳಿಗೆ ಜನ ತಮ್ಮ ಕಷ್ಟ ಹೊತ್ತು ಬಂದರೆ, ಇಲ್ಲಿಗೆ ಸುತ್ತಲಿನ ಶಾಲೆಗಳವರು ಕೆಟ್ಟ ಕಂಪ್ಯೂಟರು ಹೊತ್ತು ಬರುತ್ತಿದ್ದರು. ಅಜ್ಜ ಅವನ್ನು ರಿಪೇರಿ ಮಾಡುವರು, ಕಲಿಯಬೇಕೆಂದವರಿಗೆ ಕಲಿಸುವರು.

ಅಲ್ಲೊಂದು ಪದ್ಧತಿ. ಕಲಿತು ಹೊರಡುವವರು ತಮ್ಮ ಸಾಮಾನಿನ ಚೀಲವನ್ನು ತಾವೇ ಹೊಂದಿಸಿಕೊಳ್ಳಬೇಕು. ಏನೇನಿರಬೇಕೆಂದು ಅಜ್ಜ ಬಾಯಿ ಬಿಡುತ್ತಿರಲಿಲ್ಲ. ಸರಿ ಇದ್ದರೆ "ಹೋಗಿ ಬಾ" ಎನ್ನುವರು, ಇಲ್ಲದಿದ್ದರೆ "ಕಮ್ಮಿ ಐತಿ" ಎಂದಷ್ಟೇ ಹೇಳಿ ತಮ್ಮ ಕೆಲಸಕ್ಕೆ ತಿರುಗುವರು.

ಮಹಾನಂದಾ ಎಂಬ ಶಿಷ್ಯೆಗೆ ಹೊರಡುವ ಆತುರ. ಹೊಳೆಯಾಚೆಯ ಅಂಧ ಮಕ್ಕಳ ಶಾಲೆಯಲ್ಲಿ ಪಾಠ ಓದಿ ಹೇಳುವ ಕಂಪ್ಯೂಟರೊಂದಿತ್ತು. ಈಚೆಗೆ ಅದು ಎರಡು ಸಾಲು ಓದಿ ಮೂಕವಾಗುತ್ತಿತ್ತು. ಶಾಲೆಯವರು ಅದನ್ನು ಮಠಕ್ಕೆ ಕಳಿಸಿ, ಸರಿಮಾಡಿ ತಂದರೆ ನಮ್ಮಲ್ಲೇ ಕೆಲಸಕ್ಕಿರು ಎಂದು ಮಹಾನಂದಾಳಿಗೆ ಹೇಳಿದ್ದರು. ಅವಳಿಗೆ ಆ ಮಕ್ಕಳೆಂದರೆ ಜೀವ. ಅವಳ ಕೈಯೂ ಚುರುಕು, ತಲೆಯೂ ಚುರುಕು. ಸಿಟ್ಟು ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲೇ.

ಮಾಘದ ಒಂದು ಬೆಳಗು. ಒಣಗಾಳಿ, ಮೈ ಕೊರೆಯುವ ಚಳಿ. ಅವಳು ಕಂಬಳಿ ಹೊದ್ದು ಬಂದು ಅಜ್ಜನ ಮುಂದೆ ಚೀಲ ಬಿಚ್ಚಿದಳು.

"ನೋಡ್ರಿ ಅಜ್ಜಾರ."

ಸಣ್ಣ ದೊಡ್ಡ ಸ್ಕ್ರೂಡ್ರೈವರುಗಳು, ಚಿಮಟ, ಟಾರ್ಚು, ಕರೆಂಟು ಅಳೆಯುವ ಮೀಟರು, ದೂಳು ಕೊಡವಲು ಬ್ರಷ್ಷು, ಕಂಪ್ಯೂಟರೊಳಗಿನ ಕಾರ್ಡಿನ ಲೋಹದ ಹಲ್ಲು ತಿಕ್ಕಲು ಮಕ್ಕಳ ರಬ್ಬರು. ಸ್ಕ್ರೂಗಳು ಚೆಲ್ಲಾಪಿಲ್ಲಿಯಾಗಬಾರದೆಂದು ಅವ್ವನ ಹಳೆಯ ಕುಂಕುಮದ ಡಬ್ಬಿ.

ಅಜ್ಜ ಡಬ್ಬಿಯ ಮುಚ್ಚಳ ತೆಗೆದು ನೋಡಿ ನಕ್ಕರು.

"ಚೊಲೊ ಹೊಂದಿಸೀದಿ. ಒಂದು ಕಮ್ಮಿ ಐತಿ."

"ಏನ್ರಿ ಅದು?"

"ಮೊದ್ಲ ಆ ಶಾಲಿ ಕಂಪ್ಯೂಟರಿನ ಪೆಟ್ಟಿಗಿ ಬಿಚ್ಚು."

ಕೆಲಸಕ್ಕೆ ಮೊದಲು ಅಜ್ಜ ಪೆಟ್ಟಿಗೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದುದನ್ನು ಅವಳು ದಿನಾ ನೋಡಿದ್ದಳು. ತಾನೂ ಪೆಟ್ಟಿಗೆಯ ಮುಂದಿನ ಪ್ಲಾಸ್ಟಿಕ್ಕನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು. ದೇವರ ಕೆಲಸ ಮುಗಿಯಿತೆಂದು ಸ್ಕ್ರೂಡ್ರೈವರು ಎತ್ತಿಕೊಂಡಳು.

ದೂಳು ಕೊಡವಿದಳು. ಕಂಪ್ಯೂಟರಿನ ನೆನಪಿನ ಕಾರ್ಡನ್ನು, ಅಂದರೆ ರ‍್ಯಾಮನ್ನು, ಹೊರತೆಗೆದು ಅದರ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ ಕೆಳಗಿಟ್ಟಳು. ಅಷ್ಟರಲ್ಲಿ ಬಿಸಿಲೇರಿ ಸೆಕೆ ಹತ್ತಿತು. ಕಂಬಳಿಯನ್ನು ಸರಕ್ಕನೆ ಎಳೆದು ಒಗೆದು ಮತ್ತೆ ಕಾರ್ಡಿಗೆ ಕೈ ಹಾಕಿದಳು. ಬೆರಳ ತುದಿ ಚುರ್ ಎಂದಿತು. ಅದನ್ನೇನು ಲೆಕ್ಕಕ್ಕಿಡುವುದೆಂದು ಕಾರ್ಡನ್ನು ಅದರ ಜಾಗಕ್ಕೆ ಕೂರಿಸಿ ಸ್ವಿಚ್ಚು ಒತ್ತಿದಳು.

ಪರದೆಯಲ್ಲಿ ಬೆಳಕೇ ಬರಲಿಲ್ಲ. ಪೆಟ್ಟಿಗೆ ಕುಂಯ್ ಕುಂಯ್ ಎಂದು ಕೂಗತೊಡಗಿತು.

"ಈ ಕಾರ್ಡ ಖೊಟ್ಟಿ ಐತ್ರಿ," ಎಂದಳು ಸಿಟ್ಟಿನಿಂದ.

"ನಿನ್ನಿ ಎರಡು ಸಾಲು ಓದಿತ್ತಲ್ಲ, ತಂಗಿ?"

ಅವಳ ಸಿಟ್ಟು ಜರ್ರನೆ ಇಳಿಯಿತು. ನಿನ್ನೆಯವರೆಗೆ ಅರ್ಧ ಜೀವವಾದರೂ ಇದ್ದದ್ದನ್ನು ತಾನೇ ಕೊಂದಿದ್ದಳು. ಮಕ್ಕಳ ನೆನಪಾಯಿತು.

ಅಜ್ಜ ಎದ್ದು ಸ್ವಿಚ್ಚು ಆರಿಸಿ ಕಿಟಕಿ ಬಾಗಿಲು ಮುಚ್ಚಿದರು. ಕೋಣೆ ಕತ್ತಲಾಯಿತು.

"ಕಂಬಳಿ ಹೊದ್ಕೋ. ಈಗ ಎಳಿ."

ಎಳೆದಳು. ಕಂಬಳಿಯ ಮಡಿಕೆಗಳಲ್ಲಿ ಚಿಟಿಚಿಟಿ ಎಂದು ಸಣ್ಣ ನೀಲಿ ಕಿಡಿಗಳು ಹರಿದಾಡಿದವು.

"ಪೆಟ್ಟಿಗಿ ಹಿಂದಿನ ಬರೇ ಕಬ್ಬಿಣಕ್ಕ ಬೆರಳು ಒಯ್ಯಿ."

ಬೆರಳು ಇನ್ನೂ ಮುಟ್ಟಿರಲಿಲ್ಲ. ಚಟ್ ಎಂದು ನೀಲಿ ಎಳೆಯೊಂದು ಅವಳ ಬೆರಳಿನಿಂದ ಕಬ್ಬಿಣಕ್ಕೆ ಹಾರಿತು.

ಮಹಾನಂದಾಳ ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ಹೊದ್ದ ಕಂಬಳಿ, ಹುಟ್ಟಿದಾಗಿನಿಂದ ಇದ್ದ ಕೈ. ಈ ಕಿಡಿಯನ್ನು ಹೊತ್ತುಕೊಂಡೇ ಇಷ್ಟು ದಿನ ತಿರುಗಾಡಿದೆನಲ್ಲ ಎಂದು ಕತ್ತಲಲ್ಲಿ ತನ್ನ ಬೆರಳನ್ನೇ ನೋಡುತ್ತ ನಿಂತಳು.

"ಇಷ್ಟು ಸಣ್ಣ ಕಿಡಿಗೆ ಕಾರ್ಡು ಸಾಯ್ತದೇನ್ರಿ?"

"ನಿನಗ ಅದು ಕಿಡಿ. ಕಾರ್ಡಿಗೆ ಸಿಡಿಲು."

"ಆಕಾಶದಾಗ ಹೊಡಿತದಲ್ರಿ, ಅದ ಸಿಡಿಲೇನ್ರಿ?"

"ಹೂಂ, ಅದ."

ಅಜ್ಜನ ಅಂಗೈ ದಿನಾ ಎಲ್ಲಿರುತ್ತಿತ್ತೆಂದು ಅವಳಿಗೆ ಈಗ ನೆನಪಾಯಿತು. ಅದು ಪೆಟ್ಟಿಗೆಯ ಹಿಂದೆ, ಬಣ್ಣವಿಲ್ಲದ ಬರಿಯ ಕಬ್ಬಿಣದ ಮೇಲೆ ಇರುತ್ತಿತ್ತು. ಅವಳು ಮುಚ್ಚಿದ ಕಣ್ಣನ್ನಷ್ಟೇ ನೋಡಿದ್ದಳು, ಕೈಯನ್ನು ನೋಡಿರಲಿಲ್ಲ.

"ನಾ ಅದನ್ನ ನಮಸ್ಕಾರ ಅಂತ ತಿಳ್ಕೊಂಡಿದ್ದೆರಿ."

"ನಮಸ್ಕಾರನ ಅದು," ಎಂದರು ಅಜ್ಜ.

ಕಿಟಕಿ ತೆರೆದು ತಮ್ಮ ಟ್ರಂಕಿನಿಂದ ಬೇರೊಂದು ಕಾರ್ಡು ತಂದರು. ಜೊತೆಗೆ ಕೈಗೆ ಕಟ್ಟುವ ಒಂದು ಪಟ್ಟಿ. ಅದಕ್ಕೊಂದು ತಂತಿ, ತಂತಿಯ ತುದಿಗೊಂದು ಕ್ಲಿಪ್ಪು.

"ಇದನ್ನ ಕಬ್ಬಿಣಕ್ಕ ಕಚ್ಚಿಸು. ನಿನ್ನ ಮೈಯಾಗ ಇದ್ದ ಕಿಡಿ ಇಳದು ಹೋಗ್ತದ. ಚೀಲದಾಗ ಎಲ್ಲಕ್ಕಿಂತ ಮ್ಯಾಲ ಇಡು."

ಮಹಾನಂದಾ ಪಟ್ಟಿ ಕಟ್ಟಿಕೊಂಡಳು. ತಂತಿಯ ತುದಿಯನ್ನು ಕಬ್ಬಿಣಕ್ಕೆ ಕಚ್ಚಿಸಿದಳು. ಆದರೂ ಮನಸ್ಸು ತಡೆಯದೆ ಅಂಗೈಯನ್ನೂ ಊರಿ ಕಣ್ಣು ಮುಚ್ಚಿದಳು. ಆತುರವೆಲ್ಲ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಹಳೆಯ ಕಾರ್ಡು ತೆಗೆದು ಅಜ್ಜ ಕೊಟ್ಟದ್ದನ್ನು ಕೂರಿಸಿ ಸ್ವಿಚ್ಚು ಒತ್ತಿದಳು. ಪರದೆ ಬೆಳಗಿತು. ಪೆಟ್ಟಿಗೆ ಎರಡು ಸಾಲು ಓದಿತು. ಅವಳು ಉಸಿರು ಹಿಡಿದಳು. ಅದು ಮೂರನೆಯದನ್ನೂ ಓದಿತು, ಪಾಠವಿಡೀ ಓದಿತು. ಅವಳ ಕಣ್ಣೀರು ನಿಲ್ಲಲೇ ಇಲ್ಲ.

ಸಾಮಾನು ತುಂಬಿದಳು. ಪಟ್ಟಿಯನ್ನು ಎಲ್ಲಕ್ಕಿಂತ ಮೇಲಿಟ್ಟು ಚೀಲ ಕಟ್ಟಿದಳು. ಅಜ್ಜನ ಕಾಲು ಮುಟ್ಟಿ ಕೇಳಿದಳು.

"ಈಗ ಹೋಗ್ಲೇನ್ರಿ?"

"ಹೋಗಿ ಬಾ. ಅಲ್ಲಿ ಮಕ್ಕಳು ಮುಟ್ಟೇ ಗುರುತು ಹಿಡೀತಾರ, ತಂಗಿ. ಅವರ ಕೈ ಹಿಡಿಯೂ ಮೊದ್ಲೂ ಹಿಂಗ ಕಣ್ಣು ಮುಚ್ಚಿ ಒಂದೀಟು ನಿಲ್ಲು, ಸಿಟ್ಟೂ ಇಳದು ಹೋಗ್ತದ."