ಉಲ್ಲಂಕಿಯ ಕಾಲು, ದಿಂಬಿಯ ಕಾಂಡ

ಮಕ್ಕಳೇ, ನನ್ನ ಹಳೆಯ ದಿನಚರಿಯಲ್ಲಿ 1971ರ ಜುಲೈ 4ರಂದು ಹೀಗೆ ಬರೆದಿದೆ: ‘ಹಿಮಾಲಯದ ಸರೋವರ. ದಡದಲ್ಲಿ ನೀಲಿ ಹೂಗಿಡ. ಅದರ ಮಗ್ಗುಲಲ್ಲಿ ಉಲ್ಲಂಕಿಯ ಗೂಡು, ಮೊಟ್ಟೆ ನಾಲ್ಕು.’ ಆ ನಾಲ್ಕು ಮೊಟ್ಟೆಗಳ ಕತೆ ಕೇಳಿ.

ಉಲ್ಲಂಕಿ ಉದ್ದ ಕಾಲಿನ ಹಕ್ಕಿ. ದಡದ ಕೆಸರಿನಲ್ಲಿ ನಡೆದು ಹುಳ ಹೆಕ್ಕುವುದು ಅವಳ ಕಸುಬು. ಪಕ್ಕದ ಹೂಗಿಡದ ಹೆಸರು ದಿಂಬಿ. ನೆಲಕ್ಕಂಟಿ, ಎಲೆಗೆ ಎಲೆ ಒತ್ತಿಕೊಂಡು, ದಿಂಬಿನಂತೆ ದುಂಡಗೆ ಬೆಳೆದವಳು. ಅವಳ ಮರೆಯಲ್ಲಿ ಗಾಳಿ ತಾಗುತ್ತಿರಲಿಲ್ಲ. ಅದಕ್ಕೇ ಉಲ್ಲಂಕಿ ಅಲ್ಲಿ ಮೊಟ್ಟೆಯಿಟ್ಟಿದ್ದಳು.

ಆದರೂ ಬಾಯಿ ಸುಮ್ಮನಿರಬೇಕಲ್ಲ!

"ಏನು ದಿಂಬಕ್ಕ, ನಲವತ್ತು ವರ್ಷದಿಂದ ಕೂತೇ ಇದ್ದೀಯ, ಮೊಣಕಾಲು ಹಿಡಿದಿದೆಯೇ? ನನ್ನ ಕಾಲು ನೋಡು, ಆಚೆ ದಡವೂ ಕಾಣುತ್ತದೆ."

"ನನಗೆ ಕಾಲಿಲ್ಲ ಕಣೇ, ಬೇರಿದೆ," ಎಂದಳು ದಿಂಬಿ.

"ಬೇರು ಯಾರ ಕಣ್ಣಿಗೆ ಬೀಳುತ್ತದೆ, ಕುಳ್ಳಕ್ಕ? ಹೂ ಮುಡಿದೂ ನೆಲ ಒರೆಸುವ ಬಾಳು ನಿನ್ನದು!"

ಬಂಡೆಯ ಸಂದಿಯ ಇಲಿಗಳೂ ಕಿಸಕ್ಕನೆ ನಕ್ಕವು. ದಿನವೂ ಇದೇ ಮಾತು. ಕೊನೆಗೆ ದಿಂಬಿಗೆ ರೋಷ ಬಂತು. ಬೇರಿನಲ್ಲಿ ಕೂಡಿಟ್ಟ ಸತ್ವವನ್ನೆಲ್ಲ ಎಳೆದು ಕಾಂಡಕ್ಕೆ ಸುರಿದಳು. ಒತ್ತಾಗಿದ್ದ ಎಲೆಗಳು ಬಿಡಿಬಿಡಿಯಾದವು. ಹದಿನೈದೇ ದಿನದಲ್ಲಿ ಉಲ್ಲಂಕಿಯ ಮಂಡಿಗೆ ಸಮನಾಗಿ ಎದ್ದು ನಿಂತಳು.

"ಈಗ ಹೇಳೇ, ಯಾರು ಕುಳ್ಳಿ?"

"ಮಂಡಿಯವರೆಗೆ ಬಂದೆ. ಇನ್ನೂ ತೊಡೆಯಿದೆ, ಕುತ್ತಿಗೆಯಿದೆ!"

ಉಲ್ಲಂಕಿ ನಗುತ್ತ ನೀರಿಗಿಳಿದಳು. ಗೂಡಿನ ಹುಲ್ಲು ಗಾಳಿಗೆ ಹಾರುತ್ತಿದ್ದುದನ್ನು ಅವಳು ಗಮನಿಸಲಿಲ್ಲ.

ಆ ಮಧ್ಯಾಹ್ನವೇ ಹಿಮಗಾಳಿ ಎದ್ದಿತು. ಮೊದಲ ಹೊಡೆತಕ್ಕೇ ಕಾಂಡ ಲಟಕ್ಕನೆ ಮುರಿಯಿತು. ಉಲ್ಲಂಕಿ ಓಡೋಡಿ ಬಂದು ಮೊಟ್ಟೆಗಳ ಮೇಲೆ ಕೂತಳು. ತಡೆಯಿಲ್ಲದ ಗಾಳಿ ಅವಳ ರೆಕ್ಕೆಯ ಕೆಳಗೂ ನುಗ್ಗಿತು.

"ದಿಂಬಕ್ಕ, ಮೊದಲಿನ ಹಾಗೆ ಒತ್ತಿಕೊಂಡು ಕೂರು! ನನ್ನ ಮಕ್ಕಳು ಚಳಿಗೆ ಸಾಯುತ್ತವೆ!"

"ಒತ್ತಿಕೊಳ್ಳಲು ಏನು ಉಳಿದಿದೆ? ಇದ್ದಬದ್ದದ್ದೆಲ್ಲ ನಿನಗೆ ತೋರಿಸುವುದರಲ್ಲೇ ಮುಗಿಯಿತು," ಎಂದಳು ದಿಂಬಿ. ಬರಿದಾದ ಬೇರಿನ ಮೇಲೆ ಅವಳು ಬಾಡಿಹೋದಳು.

ಮೂರನೆಯ ದಿನ ಗಾಳಿ ನಿಂತಿತು. ಉಲ್ಲಂಕಿ ಒಂದೊಂದೇ ಮೊಟ್ಟೆಯನ್ನು ಕೊಕ್ಕಿನಿಂದ ಹೊರಳಿಸಿ ಕಿವಿಗೊಟ್ಟಳು. ಒಳಗೆ ಸದ್ದಿರಲಿಲ್ಲ. ಸಂಜೆಯವರೆಗೂ ಹೊರಳಿಸುತ್ತಲೇ ಇದ್ದಳು.

ಆ ಅಣಕಕ್ಕೆ ತೆತ್ತದ್ದು ಇಷ್ಟು: ನಲವತ್ತು ವರ್ಷದ ಗಿಡ ಒಂದು, ಮೊಟ್ಟೆ ನಾಲ್ಕು. ಅಲ್ಲಿನ ಬೇಸಿಗೆ ಚಿಕ್ಕದು. ಆ ವರ್ಷ ಮತ್ತೆ ಮೊಟ್ಟೆಯಿಡಲು ಕಾಲ ಉಳಿದಿರಲಿಲ್ಲ. ಉಲ್ಲಂಕಿಯ ಉದ್ದ ಕಾಲುಗಳು ಮಾತ್ರ ಹಾಗೇ ಇದ್ದವು.

ನೀತಿ: ನಿನಗೆ ಮರೆಯಾಗಿ ನಿಂತವರನ್ನು ನಿನ್ನ ಅಳತೆಗೋಲಿನಿಂದ ಅಳೆದು ಹಂಗಿಸಬೇಡ, ಅವರು ಮುರಿದ ದಿನ ಗಾಳಿ ಬಡಿಯುವುದು ನಿನ್ನ ಗೂಡಿಗೇ.