ಆಶುಕವಿ ಸೋತ ಆಟ

“ಗುರುಗಳೇ, ನನ್ನ ತಮ್ಮ ನನ್ನ ಹತ್ತಿರ ಮನಸ್ಸು ಬಿಚ್ಚುವುದಿಲ್ಲ. ಬುದ್ಧಿ ಹೇಳಿದೆ, ಸಮಾಧಾನ ಹೇಳಿದೆ. ಇನ್ನು ಯಾವ ಮಾತು ಹೇಳಲಿ?” ಎಂದು ಶಿಷ್ಯ ಕೇಳಿದ.

ಗುರುಗಳಿಗೆ ಈ ಶಿಷ್ಯನೆಂದರೆ ಅಕ್ಕರೆ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಆಶುಕವಿ ಇದ್ದ. ಸಭೆಯಲ್ಲಿ ಯಾರಾದರೂ ಸಮಸ್ಯೆಯ ಸಾಲು ಕೊಟ್ಟರೆ, ಅದು ಮುಗಿಯುವ ಮೊದಲೇ ಇವನ ಪದ್ಯ ಸಿದ್ಧ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೇ ಅವನ ಕಸುಬು. ಜನ ಅದಕ್ಕೇ ಚಪ್ಪಾಳೆ ತಟ್ಟುತ್ತಿದ್ದರು.

ಅವನಿಗೊಬ್ಬಳು ಮಗಳು. ಅಪ್ಪನೆಂದರೆ ಅವಳಿಗೆ ಪ್ರಾಣ. ಅವಳು ಒಂದು ವಿಡಿಯೋ ಗೇಮ್ ಕಟ್ಟಿದಳು. ಅದರಲ್ಲಿ ಯಾತ್ರಿಕನೊಬ್ಬ ಬೆಟ್ಟ ಹತ್ತಿ, ಜಪಾನಿನವರ ಪದ್ಧತಿಯ ಚಹಾಮನೆಗೆ ಹೋಗಬೇಕು. ಬಾಗಿಲು ಗಿಡ್ಡ, ಎಂಥವನೂ ಬಗ್ಗಿಯೇ ಒಳಗೆ ಬರಬೇಕು. ಅಲ್ಲಿ ಮನೆಯೊಡತಿ ಬಿದಿರಿನ ಪುಟ್ಟ ಕಡೆಗೋಲಿನಿಂದ ಚಹಾ ಕಡೆದು, ಬಟ್ಟಲನ್ನು ಮುಂದಿಟ್ಟು, ಒಂದು ಸಾಲು ಹೇಳುತ್ತಾಳೆ. ಅದಕ್ಕೆ ಒಪ್ಪುವ ಸಾಲನ್ನು ಅತಿಥಿ ಬರೆದರೆ ಒಳಕೋಣೆಯ ಕದ ತೆರೆಯುತ್ತದೆ; ಆಟ ಗೆದ್ದಂತೆ. ಅಪ್ಪ ಗೆದ್ದ ಮೇಲೆಯೇ ಇದನ್ನು ಬೇರೆಯವರ ಕೈಗೆ ಕೊಡುವುದು ಎಂದು ಮಗಳು ಹಟ ಹಿಡಿದಳು.

ಕವಿ ಹಿಗ್ಗಿದ. ಪದ್ಯದ ಆಟವೆಂದರೆ ತನಗೆ ನೀರು ಕುಡಿದಷ್ಟು ಸಲೀಸು ಎಂದುಕೊಂಡ. ಮನೆಯೊಡತಿ ಚಹಾ ಕಡೆಯುತ್ತಿರುವಾಗಲೇ ಹುಣ್ಣಿಮೆಯ ಮೇಲೆ ಪದ್ಯ ಕಟ್ಟಿ ಬರೆದ. ಅವಳು ತನ್ನ ಸಾಲು ಹೇಳಿ, ತಲೆಬಾಗಿ ಬಟ್ಟಲು ಎತ್ತಿಕೊಂಡು ಹೋದಳು. ಮರುದಿನ ಹಿಮದ ಮೇಲೆ ಬರೆದ, ಆಮೇಲೆ ವೈರಾಗ್ಯದ ಮೇಲೆ. ಕದ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಯಂತ್ರಕ್ಕೇನು ಗೊತ್ತು ಕಾವ್ಯ ಎಂದು ಗೊಣಗಿದ. ಆಟವೇ ಸರಿಯಿಲ್ಲ ಎಂದುಬಿಟ್ಟರೆ ಅವನ ಮಾನ ಉಳಿಯುತ್ತಿತ್ತು. ಆದರೆ ಮಗಳು ದಿನವೂ ಬಂದು ಅವನ ಮುಖ ನೋಡಿ ಹೋಗುತ್ತಿದ್ದಳು. ಅವಳ ಆಸೆಯನ್ನು ಚಿವುಟಲು ಅವನಿಗೆ ಮನಸ್ಸು ಬರಲಿಲ್ಲ.

ಕೊನೆಗೊಂದು ದಿನ ಅವನಲ್ಲಿ ಪದ್ಯಗಳೇ ಖಾಲಿಯಾದವು. ಸುಮ್ಮನೆ ಕೈಕಟ್ಟಿ ಕುಳಿತು, ಚಹಾ ಕಡೆಯುವುದನ್ನು ಪೂರ್ತಿ ನೋಡಿದ. ಬಟ್ಟಲು ಮುಂದೆ ಬಂತು. ಮನೆಯೊಡತಿಯ ಸಾಲನ್ನು ಅಂದೇ ಮೊದಲ ಸಲ ಓದಿದ.

“ಚಹಾ ಆರುವ ಮುನ್ನ ಒಂದು ಮಾತು ಹೇಳಲೇ?”

ತಾನು ಹಿಂದೆ ಆಡಿದ ಆಟಗಳ ದಾಖಲೆ ತೆಗೆದು ನೋಡಿದ. ಎಲ್ಲದರಲ್ಲೂ ಅದೇ ಸಾಲು. ಅವಳು ಅಷ್ಟು ಕೇಳಿದ್ದಕ್ಕೆ ತಾನು ಹುಣ್ಣಿಮೆ, ಹಿಮ, ವೈರಾಗ್ಯ ಎಂದು ಒದರಿದ್ದ. ಕವಿಗೆ ನಾಚಿಕೆಯಾಯಿತು. “ಹೇಳಮ್ಮ” ಎಂದಷ್ಟೇ ಬರೆದ. ಕದ ತೆರೆಯಿತು.

ಒಳಕೋಣೆಯಲ್ಲಿ ಏನಿದೆ ಎಂದು ಅವನು ನೋಡಲಿಲ್ಲ. ಎದ್ದು ಹೋಗಿ ಚಹಾ ಮಾಡಿ ತಂದು ಮಗಳ ಎದುರು ಕುಳಿತು, ಅದೇ ಮಾತನ್ನು ಬಾಯಿಬಿಟ್ಟು ಹೇಳಿದ. ಮಗಳು ಎಷ್ಟೋ ವರ್ಷಗಳಿಂದ ಒಳಗಿಟ್ಟುಕೊಂಡದ್ದನ್ನೆಲ್ಲ ಹೇಳುತ್ತ ಹೋದಳು. ನಡುವೆ ಚಹಾ ಆರಿತು. ಕವಿ ಬಿಸಿ ಮಾಡಿಕೊಂಡು ಬಂದು ಮತ್ತೆ ಕಿವಿಗೊಟ್ಟು ಕುಳಿತ.

ಕತೆ ಕೇಳಿ ಶಿಷ್ಯನ ಮುಖ ಅರಳಿತು. ತಮ್ಮನಿಗೆ ಹೇಳಲು ಇದಕ್ಕಿಂತ ಒಳ್ಳೆಯ ಮಾತಿಲ್ಲ, ಈಗಲೇ ಹೋಗಿ ಈ ಕತೆಯನ್ನು ಹೇಳಿಬಿಡುತ್ತೇನೆ ಎಂದು ಎದ್ದ.

ಗುರುಗಳು ನಕ್ಕು ಅವನ ಕೈಹಿಡಿದು ಕೂರಿಸಿದರು.

“ಹೇಳುವೆಯಂತೆ ಮಗೂ, ಅದಕ್ಕೆ ಮೊದಲು ನಿನ್ನ ತಮ್ಮ ಕಡೆಯ ಸಲ ನಿನ್ನ ಹತ್ತಿರ ಏನು ಹೇಳಿದ ಅನ್ನುವುದನ್ನು ನನಗೆ ಹೇಳು.”